ಎಡದಿಂದ ನಿಂತವರು

ಮೈಸೂರು ಬಿಡುವ ಮುನ್ನ

ನನ್ನ ವಾರಗೆಯ ಹೆಂಗಸರೆಲ್ಲ ಸಿಂಗಾಪುರ, ಬ್ಯಾಂಕಾಕ್ ಅಂತ ಸುತ್ತಿ ಬಂದು ವಾಟ್ಸಾಪಿನಲ್ಲಿ ಫೋಟೋ ಹಾಕಿ ಪ್ರಾಣ ತಿನ್ನುತ್ತಿದ್ದ ಕಾಲದಲ್ಲಿ ನಾನೂ ಹಟಕ್ಕೆ ಬಿದ್ದು ಒಂದು ಪಾಸ್‌ಪೋರ್ಟ್ ಮಾಡಿಸಿದೆ. ಅದರಲ್ಲಿ ಇವತ್ತಿನವರೆಗೂ ಒಂದು ಠಸ್ಸೆ ಬಿದ್ದಿಲ್ಲ. ಆದರೆ ನಾನು ಪರದೇಶ ನೋಡಿಲ್ಲ ಅಂತ ಯಾರಾದರೂ ಅಂದರೆ ಜಗಳಕ್ಕೇ ನಿಲ್ಲುತ್ತೇನೆ. ಆಳಂದ, ಅಫಜಲಪುರ, ಜೇವರ್ಗಿ ನೋಡಿ ಬಂದವಳು ನಾನು. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಅಲ್ಲೇ ಓದಿ, ಅಲ್ಲೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ, ಅಲ್ಲೇ ನಿವೃತ್ತಳಾದವಳಿಗೆ ಇದಕ್ಕಿಂತ ದೊಡ್ಡ ಪರದೇಶ ಬೇಕೆ? ಭಾಷೆ ಗೊತ್ತಿಲ್ಲದ ಊರಿಗೆ ಹೋದರೆ ಸುಮ್ಮನಿರುತ್ತೇವೆ. ಅಲ್ಲಿ ನನಗೆ ಭಾಷೆ ಗೊತ್ತಿದೆ ಅಂದುಕೊಂಡೇ ಹೋದೆ ನೋಡಿ, ಎಲ್ಲ ಫಜೀತಿಗೂ ಅದೇ ಕಾರಣ.

ಹೋಗಿದ್ದು ಯಾಕೆ ಅಂತ ಹೇಳಬೇಕು. ನನಗೊಂದು ಹುಚ್ಚಿದೆ. ಹಳೆಯ ಕಾಲೇಜು ವಾರ್ಷಿಕ ಸಂಚಿಕೆಗಳನ್ನು ಕೂಡಿಡುತ್ತೇನೆ. ಎಲ್ಲವನ್ನೂ ಅಲ್ಲ, ಮುಂದೆ ಸಿನಿಮಾದಲ್ಲಿ ಹೆಸರು ಮಾಡಿದವರು ಹೆಸರಿಲ್ಲದೆ ನಿಂತಿರುವ ಸಂಚಿಕೆಗಳನ್ನು ಮಾತ್ರ. ಪರದೆಯ ಮೇಲೆ ಹತ್ತು ಜನರನ್ನು ಒಂದೇ ಏಟಿಗೆ ಉರುಳಿಸುವ ನಾಯಕ, ನನ್ನ ಹತ್ತಿರವಿರುವ ಸಂಚಿಕೆಯಲ್ಲಿ ಚದುರಂಗದ ತಂಡದ ಕೊನೆಯಲ್ಲಿ ಶರ್ಟಿನ ಗುಂಡಿ ತಪ್ಪಿಸಿ ಹಾಕಿಕೊಂಡು ನಿಂತಿದ್ದಾನೆ. ಇನ್ನೊಬ್ಬ ನಾಯಕಿ ಖೋಖೋ ತಂಡದಲ್ಲಿ ಮೂಗಿಗೆ ಪ್ಲಾಸ್ಟರ್ ಹಚ್ಚಿಕೊಂಡಿದ್ದಾಳೆ. ಅವುಗಳನ್ನು ನೋಡುತ್ತಾ ಕುಳಿತರೆ ನನಗೆ ಊಟ ತಿಂಡಿ ಬೇಡ. ನಮ್ಮ ಯಜಮಾನರು ಮಾತ್ರ, "ಊರವರೆಲ್ಲ ಹಳೇ ಪೇಪರನ್ನ ತೂಕಕ್ಕೆ ಹಾಕ್ತಾರೆ, ನೀನು ಹೊತ್ಕೊಂಡು ಬರ್ತೀಯ" ಅನ್ನುತ್ತಾರೆ.

ನಾನು ಬಹಳ ದಿನದಿಂದ ಹುಡುಕುತ್ತಿದ್ದದ್ದು ಖಳನಟ ವಜ್ರಕಾಂತನನ್ನು. ಅವನು ಪ್ರತಿ ಸಂದರ್ಶನದಲ್ಲೂ ಒಂದೇ ಮಾತು ಹೇಳುತ್ತಾನೆ: ಕಲಬುರಗಿಯ ಕಾಲೇಜಿನಲ್ಲಿ ಓದುವಾಗ ನಾಟಕವೊಂದರಲ್ಲಿ ಇನ್ಸ್‌ಪೆಕ್ಟರ್ ಪಾತ್ರ ಸಿಕ್ಕಿತಂತೆ, ಖಾಕಿ ತೊಟ್ಟ ಆ ದಿನವೇ ಮೈಗೆ ಗತ್ತು ಬಂತಂತೆ. ಹಾಗಾದರೆ ಆ ವರ್ಷದ ಸಂಚಿಕೆಯಲ್ಲಿ ಫೋಟೋ ಇರಲೇಬೇಕಲ್ಲ? ಅವರನ್ನಿವರನ್ನು ಕಾಡಿ ಬೇಡಿ, ಕೊನೆಗೆ ಅವನ ಸಹಪಾಠಿಯೊಬ್ಬರ ನಂಬರು ಸಿಕ್ಕಿತು. ಆಳಂದದ ಸಿದ್ರಾಮಪ್ಪನವರು, ನಿವೃತ್ತ ಹೈಸ್ಕೂಲು ಮಾಸ್ತರರು. ಫೋನಿನಲ್ಲಿ, "ನಮ್ಮ ಮನ್ಯಾಗ ಅದಾನ್ರಿ ವಜ್ರಕಾಂತ. ಬರ್ರಿ, ನೋಡೀರಂತ" ಅಂದರು. ನಾನು ಅವತ್ತೇ ಪೆಟ್ಟಿಗೆ ಕಟ್ಟಿದೆ.

ಆಳಂದ

ಕಲಬುರಗಿಯಲ್ಲಿ ರೈಲಿಳಿದು ಆಳಂದದ ಬಸ್ಸು ಹತ್ತಿದೆ. ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಗುರುತಿನ ಚೀಟಿ ತೋರಿಸಿದರೆ ಸಾಕು. ಆಧಾರ್ ಕಾರ್ಡನ್ನು ಮೈಸೂರಿನ ಡಬ್ಬಿಯಲ್ಲಿ ಭದ್ರವಾಗಿ ಬಿಟ್ಟು ಬಂದಿದ್ದೆ. ಚೀಲದಲ್ಲಿ ಇದ್ದದ್ದು ಪಾಸ್‌ಪೋರ್ಟ್ ಒಂದೇ. ಕೊಟ್ಟೆ.

ಕಂಡಕ್ಟರ್ ಅದನ್ನು ಹಿಂದೆ ಮುಂದೆ ತಿರುಗಿಸಿದ. "ಇದೇನ್ರಿ ಇದು?"

"ಪಾಸ್‌ಪೋರ್ಟು."

"ಯಾವ ದೇಶಕ್ಕ ಹೊಂಟೀರಿ?"

"ಆಳಂದಕ್ಕೆ."

ಬಸ್ಸು ಬಸ್ಸೇ ನಕ್ಕಿತು. ಪಾಸ್‌ಪೋರ್ಟ್ ನನ್ನ ಕೈಗೆ ವಾಪಸ್ ಬರಲಿಲ್ಲ, ಹಿಂದಿನ ಸೀಟಿಗೆ ಹೋಯಿತು. ಅಲ್ಲಿಂದ ಅದರ ಹಿಂದಿನ ಸೀಟಿಗೆ. ಒಬ್ಬ ಹೆಂಗಸು ಕತ್ತೆತ್ತಿ, "ಯಕ್ಕಾ, ಫೋಟೋ ಸಿಟ್ಟಿನ್ಯಾಗ ತಗಿಸೀರೇನ್ರಿ?" ಅಂದಳು. ಮೈಸೂರಿನ ಬಸ್ಸಿನಲ್ಲಿ ಪಕ್ಕದವರ ಪೇಪರನ್ನು ಓರೆಗಣ್ಣಲ್ಲಿ ಓದುತ್ತೇವೆಯೇ ಹೊರತು ಕೇಳುವುದಿಲ್ಲ. ಇಲ್ಲಿ ಕೇಳುವುದೂ ಇಲ್ಲ, ತೆಗೆದುಕೊಂಡೇ ಬಿಡುತ್ತಾರೆ. ಕಡಗಂಚಿಯಲ್ಲಿ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ದಡಬಡ ಇಳಿದಾಗ ಪಾಸ್‌ಪೋರ್ಟೂ ಇಳಿದು ಹೋಯಿತೆಂದು ನಾನು ಎದ್ದೇ ನಿಂತೆ. ಇಲ್ಲ, ಒಬ್ಬಳು ಇಳಿಯುವ ಮೊದಲು ನನ್ನ ತೊಡೆಯ ಮೇಲಿಟ್ಟು ಹೋದಳು. ವಿಳಾಸದ ಪುಟ ಓದಿ ಮುಗಿಸಿದ್ದ ಕಂಡಕ್ಟರ್ ಉಚಿತ ಚೀಟಿ ಹರಿದುಕೊಟ್ಟು, "ಆರಾಮ ಹೋಗಿ ಬರ್ರಿ ಪರದೇಶಕ್ಕ" ಅಂದ.

ಸಿದ್ರಾಮಪ್ಪನವರು ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಕಂಡದ್ದೇ ಒಳಗೆ ತಿರುಗಿ ಕೂಗಿದರು. "ಏ, ಮೈಸೂರ ಬಾಯಾರ ಬಂದಾರ!"

"ಇಲ್ಲ ಇಲ್ಲ, ಬಾಯಾರಿಲ್ಲ. ಬಸ್ಸಿನಲ್ಲೇ ನೀರು ಕುಡಿದೆ" ಅಂದೆ.

ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಒಳಗಿಂದ ಅವರ ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ಓಡಿ ಬಂದು, ಪಾಠ ಹೇಳುವ ಹೆಂಗಸರನ್ನು ಅಲ್ಲಿ 'ಬಾಯಾರು' ಅಂತ ಗೌರವದಿಂದ ಕರೆಯುತ್ತಾರೆಂದು ವಿವರಿಸಿದಳು. ಅಯ್ಯೋ ರಾಮ! ಅಷ್ಟಾದ ಮೇಲೂ ಒಂದು ತಂಬಿಗೆ ನೀರು, ಬೆಲ್ಲದ ಚೂರು ಬಂದೇ ಬಂತು. ಮರ್ಯಾದೆಗೆ ಪೂರಾ ಕುಡಿದೆ.

ಆಮೇಲೆ ಅವರು ಗೋಡೆ ತೋರಿಸಿದರು. ಬಸವಣ್ಣನವರ ಪಟ, ಅದರ ಪಕ್ಕ ಅವರ ತಂದೆಯವರ ಪಟ, ಅದರ ಪಕ್ಕ ಚೌಕಟ್ಟು ಹಾಕಿಸಿದ ಒಂದು ಕಾಗದದ ತುಂಡು. ಐದು ಜನ ಸಾಲಾಗಿ ನಿಂತ ಫೋಟೋ. ಎಡತುದಿಯಲ್ಲಿ ಖಾಕಿ ತೊಟ್ಟು, ಮೂಗಿನ ಕೆಳಗೆ ಪೊರಕೆಯಂಥ ಅಂಟುಮೀಸೆ ಹಚ್ಚಿಕೊಂಡವನ ತಲೆಯ ಸುತ್ತ ಕೆಂಪು ಶಾಯಿಯ ಗೆರೆ. ಬಲತುದಿಯಲ್ಲಿ ಸೀರೆಯುಟ್ಟು ಅರ್ಧ ಮುಖಕ್ಕೆ ಸೆರಗೆಳೆದ, ಕಣ್ಣು ಕೆಳಗೆ ಬಿಟ್ಟ ಚೆಲುವೆ. ಅಚ್ಚು ಎಷ್ಟು ಕೆಟ್ಟದಾಗಿತ್ತೆಂದರೆ ವೇಷ ನೋಡಬಹುದಿತ್ತೇ ಹೊರತು ಮುಖ ಗೊತ್ತಾಗುತ್ತಿರಲಿಲ್ಲ. ಅಡಿಯಲ್ಲಿ 'ಎಡದಿಂದ ಬಲಕ್ಕೆ ನಿಂತವರು' ಎಂದು ಐದು ಹೆಸರು. ಮೊದಲನೆಯದು ಭೀಮಶ್ಯಾ. ಅದೇ ವಜ್ರಕಾಂತನ ಹುಟ್ಟುಹೆಸರು.

"ಈ ಹುಡುಗಿ ಯಾರು?" ಅಂದೆ.

"ಕಮಲಾಬಾಯಿ ರೀ. ನಾಟಕದ ನಾಯಕಿ. ಜೇವರ್ಗ್ಯಾಗ ಅದಾಳ ಈಗ. ಆಕೀ ಮೀಸಿ ನೋಡಬೇಕ್ರಿ ನೀವು, ಹಿಂಗ ಅದಾವ!" ಅಂತ ಎರಡೂ ಕೈಯಿಂದ ಗಾಳಿಯಲ್ಲಿ ಮೀಸೆ ತಿರುವಿದರು.

ಆಗ ಹುಡುಗರೇ ಹೆಣ್ಣುವೇಷ ಹಾಕುತ್ತಿದ್ದರಂತೆ. ಕೊನೆಯ ಹೆಸರು ಶಿವಶರಣಪ್ಪ, ಜೇವರ್ಗಿಯ ತೊಗರಿ ವ್ಯಾಪಾರಿ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಅಲ್ಲಿ ಗ್ಯಾದರಿಂಗ್ ಅನ್ನುತ್ತಾರೆ. ಆ ವರ್ಷದ ಗ್ಯಾದರಿಂಗಿನಲ್ಲಿ ಐವರೂ ವೇಷ ಹಾಕಿಕೊಂಡು ಮಧ್ಯಾಹ್ನವೇ ಫೋಟೋ ತೆಗೆಸಿಕೊಂಡರು. ಸಂಜೆ ಗಾಳಿಗೆ ಪೆಂಡಾಲು ಹಾರಿ ನಾಟಕವೇ ನಡೆಯಲಿಲ್ಲ. ನಡುವೆ ನಿಂತ ಮೂವರೂ ಆಮೇಲೆ ಊರು ಬಿಟ್ಟರು. ಯಾರು ಯಾವ ಪಾತ್ರ ಅಂತ ಮಂದಿಗೆ ತಿಳಿದದ್ದು ಈ ಫೋಟೋದಿಂದ ಮಾತ್ರ.

"ಶಿವಶರಣ ಇವತ್ತಿಗೂ ಒಪ್ಪಂಗಿಲ್ರಿ. 'ನಾನೇ ಫೌಜದಾರ ಆಗಿದ್ನೆಪ್ಪಾ, ನಂಬ್ರೋ' ಅಂತಾನ. ಯಾರ್ ನಂಬ್ತಾರ್ರಿ? ವಜ್ರಕಾಂತ ಟೀವ್ಯಾಗ ತಾನೇ ಹೇಳ್ಯಾನ. ಒಂದ್ಸಲ ಶಿವಶರಣ ವ್ಯಾಪಾರಸ್ಥರ ಸಂಘದ ಚುನಾವಣಿಗೆ ನಿಂತಿದ್ದ. ಎದುರು ಪಾರ್ಟಿ ಮಂದಿ 'ಕಮಲಾಬಾಯಿಗೆ ಜೈ' ಅಂತ ಸೀರಿ ಹಿಡಕೊಂಡು ಮೆರವಣಿಗಿ ತೆಗದ್ರು. ಬಿದ್ದ ಪಾಪ."

ಫೌಜದಾರ ಅಂದರೆ ಆ ಸೀಮೆಯಲ್ಲಿ ಪೊಲೀಸ್ ಇನ್ಸ್‌ಪೆಕ್ಟರ್. ನಾನು ನಕ್ಕೆ. ನಗಬಾರದಿತ್ತು, ಆದರೆ ನಕ್ಕೆ.

ನನಗೆ ಬೇಕಾದ ಸಂಚಿಕೆಯೋ, ಅದು ಅವರ ಮನೆಯಲ್ಲಿ ಇರಲೇ ಇಲ್ಲ. ಫೋಟೋ ಕತ್ತರಿಸಿಕೊಂಡು ಉಳಿದದ್ದನ್ನು ಎಂದೋ ರದ್ದಿಗೆ ಹಾಕಿದ್ದರು. ನನ್ನ ಮುಖ ಸೊರಗಿದ್ದು ನೋಡಿ, "ಪೂರಾ ಪುಸ್ತಕ ಬೇಕಂದ್ರ ಅಫಜಲಪುರಕ್ಕ ಹೋಗ್ರಿ. ಖೈರುನ್ನಿಸಾ ಆಪಾ ಅಂತ ಅದಾರ. ಅವರಪ್ಪಾ ನಮಗ ಉರ್ದು ಸರ್ ಇದ್ರು. ಆ ವರ್ಷ ಫೋಟೋ ಪುಟಾ ಎಲ್ಲಾ ಮಾಡಿಸಿದವರು ಅವರೇ" ಅಂದರು.

ಘತ್ತರಗಿ, ಕಣ್ತಪ್ಪಿನಿಂದ

ಅಫಜಲಪುರದ ಬಸ್ಸಿಗಾಗಿ ಕಲಬುರಗಿಯ ನಿಲ್ದಾಣದಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ಗೊಬ್ಬೂರಿನ ಹೆಂಗಸೊಬ್ಬಳು ನನ್ನ ಬಳೆ, ಸೀರೆ, ಚೀಲ ಎಲ್ಲವನ್ನೂ ನಿಧಾನವಾಗಿ ನೋಡಿ, "ಭಾಗ್ಯವಂತಿ ಏನ್ರಿ ಯಕ್ಕಾ?" ಅಂದಳು.

ಎಷ್ಟು ಒಳ್ಳೆಯ ಮಾತು! ಮೈಸೂರಿನಲ್ಲಿ ನನಗೆ ಇಷ್ಟು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. "ಹೌದಮ್ಮ, ಎಲ್ಲ ದೇವರ ದಯೆ" ಅಂದೆ. ಅವಳು ನನ್ನ ಚೀಲ ಕಸಿದುಕೊಂಡು, ನನ್ನ ಕೈ ಹಿಡಿದು, ಜನರನ್ನು ಸೀಳಿಕೊಂಡು ಒಂದು ಬಸ್ಸಿಗೆ ಹತ್ತಿಸಿ ಸೀಟೂ ಹಿಡಿದುಕೊಟ್ಟಳು. ಎಲ್ಲರ ಕೈಯಲ್ಲೂ ತೆಂಗಿನಕಾಯಿ. ಅಫಜಲಪುರದವರು ಬಹಳ ಕಾಯಿ ತಿನ್ನುತ್ತಾರೆ ಅಂದುಕೊಂಡೆ. ಇಳಿದು ನೋಡಿದರೆ ಅದು ಘತ್ತರಗಿ, ಎದುರಿಗೆ ಭೀಮಾ ನದಿ, ಭಾಗ್ಯವಂತಿ ದೇವಿಯ ಗುಡಿ. ಅವಳು ಕೇಳಿದ್ದು, ಭಾಗ್ಯವಂತಿ ಗುಡಿಗೆ ಹೊರಟಿದ್ದೀಯಾ ಅಂತ!

ಬಂದದ್ದು ಬಂದೆ, ದರ್ಶನ ಮಾಡಿದೆ. ಹೊಳೆದಂಡೆಯಲ್ಲಿ ಅವಳ ಮನೆಯವರೆಲ್ಲ ಬುತ್ತಿ ಬಿಚ್ಚಿ ನನ್ನನ್ನು ಕೂರಿಸಿಕೊಂಡರು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಪುಂಡಿಪಲ್ಯ. ಹಿಂಡಿಯ ಖಾರಕ್ಕೆ ನನ್ನ ಕಣ್ಣಲ್ಲಿ ಧಾರೆ ಸುರಿಯಿತು. ಅವಳ ಅತ್ತೆ ಅದನ್ನು ಭಕ್ತಿ ಎಂದು ತಿಳಿದು, "ಅಳಬ್ಯಾಡವ್ವ, ತಾಯಿ ಎಲ್ಲಾ ನೋಡ್ತಾಳ" ಎಂದು ಬೆನ್ನು ಸವರಿದಳು. ಯಜಮಾನರು ಯಾಕೆ ಬರಲಿಲ್ಲ, ಮಕ್ಕಳೆಷ್ಟು, ಸೊಸೆ ಹೇಗೆ ನೋಡಿಕೊಳ್ಳುತ್ತಾಳೆ ಎಲ್ಲ ವಿಚಾರಿಸಿದರು. ಹಳೆಯ ಪುಸ್ತಕ ಹುಡುಕಿಕೊಂಡು ಬಂದಿದ್ದೇನೆ ಅಂದಾಗ ಮಾತ್ರ ನಂಬಲಿಲ್ಲ, ಮನೆಯಲ್ಲಿ ಜಗಳವಾಡಿ ಬಂದಿದ್ದಾಳೆ ಅಂತಲೇ ತೀರ್ಮಾನಿಸಿದರು. ಅವರೇ ಅಫಜಲಪುರದ ಟಂಟಂ ಹುಡುಕಿ ಹತ್ತಿಸಿದರು. ಟಂಟಂ ಅಂದರೆ ಮೂರು ಚಕ್ರದ ಗಾಡಿ. ಒಳಗೆ ಎಷ್ಟು ಜನ ಅಂತ ಡ್ರೈವರ್ ಕೂಡ ಎಣಿಸುವುದಿಲ್ಲ.

ಅಫಜಲಪುರ

ಆಪಾ ಅಂದರೆ ಉರ್ದುವಿನಲ್ಲಿ ಅಕ್ಕ. ಖೈರುನ್ನಿಸಾ ಆಪಾ ಉರ್ದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಸಣ್ಣ ಮೈ, ದೊಡ್ಡ ಕನ್ನಡಕ, ನನ್ನಂತೆಯೇ ಮಂಡಿನೋವು. ಮಂಡಿನೋವಿನ ವಿಷಯದಲ್ಲಿ ಇಬ್ಬರಿಗೂ ಬೇಗ ಸ್ನೇಹವಾಯಿತು. ಅಲಮಾರಿಯಿಂದ ಬಟ್ಟೆ ಸುತ್ತಿದ ಸಂಚಿಕೆಯನ್ನು ಹೊರತೆಗೆದರು. ರಟ್ಟು ಕೂಡ ಹರಿದಿಲ್ಲ! ನನ್ನ ಬಾಯಲ್ಲಿ ನೀರೂರಿತು. ಆದರೆ ಅವರು ಅದನ್ನು ಹಿಂದಿನ ರಟ್ಟಿನಿಂದ ಬಿಚ್ಚತೊಡಗಿದರು.

"ಆಪಾ, ಉಲ್ಟಾ ಹಿಡಿದಿದ್ದೀರಿ" ಅಂದೆ.

"ನಾ ಸೀದಾ ಹಿಡದೇನಿ ಬಾಯಾರ. ನೀವು ಉಲ್ಟಾ ಕುಂತೀರಿ" ಅಂದರು.

ಆ ಕಡೆಯ ಕಾಲೇಜುಗಳ ಸಂಚಿಕೆಯ ರೀತಿಯೇ ಹಾಗಂತೆ. ಎಡಗಡೆಯಿಂದ ಬಿಚ್ಚಿದರೆ ಕನ್ನಡ, ಇಂಗ್ಲಿಷ್, ಹಿಂದಿ. ಬಲಗಡೆಯಿಂದ ಬಿಚ್ಚಿದರೆ ಉರ್ದು. ಎರಡು ಕಡೆಯಿಂದಲೂ ಬಾಗಿಲಿರುವ ಮನೆಯ ಹಾಗೆ. ನಾಟಕದ ಫೋಟೋ ಉರ್ದು ವಿಭಾಗದಲ್ಲಿತ್ತು. ಅಡಿಯಲ್ಲಿ ಒಂದಲ್ಲ, ಎರಡು ಸಾಲು. ಮೇಲೆ ಕನ್ನಡ, ಅದರ ಕೆಳಗೆ ಉರ್ದು. ಸಿದ್ರಾಮಪ್ಪನವರ ಕತ್ತರಿಗೆ ಆ ಕೆಳಗಿನ ಸಾಲು ಬಲಿಯಾಗಿತ್ತು.

ಆಪಾ ಸೆರಗೆಳೆದ ಚೆಲುವೆಯ ಮೇಲೆ ಬೆರಳಿಟ್ಟರು. "ಇಂವ ನೋಡ್ರಿ ನಿಮ್ಮ ವಜ್ರಕಾಂತ."

"ಅಲ್ಲ ಆಪಾ, ಅವನು ಈ ತುದಿ. ಖಾಕಿ."

"ಯಾರ್ ಹೇಳಿದ್ರು? ಇಲ್ಲಿ ಬರದಾರಲ್ಲ, ದಾಯೆಂ ಸೇ ಬಾಯೆಂ. ಬಲದಿಂದ ಎಡಕ್ಕ. ಮೊದಲ ಹೆಸರು ಭೀಮಶ್ಯಾ, ಬಲಗಡೆ ಮೊದಲ ನಿಂತಾಂವ ಈ ಸೀರಿಯಂವ. ಕಡೀ ಹೆಸರು ಶಿವಶರಣಪ್ಪ, ಈ ಖಾಕಿಯಂವ."

ಎರಡು ಸಾಲನ್ನೂ ಇನ್ನೊಮ್ಮೆ ಓದಿಸಿಕೊಂಡೆ. ಆಪಾ ಅವರ ತಂದೆ ತಮ್ಮ ರೂಢಿಯಂತೆ ಬಲದಿಂದ ಹೆಸರು ಬರೆದುಕೊಟ್ಟಿದ್ದಾರೆ. ಪ್ರೆಸ್ಸಿನಲ್ಲಿ ಕನ್ನಡದ ಅಚ್ಚುಮೊಳೆ ಜೋಡಿಸಿದವನು ಅದೇ ಹೆಸರುಗಳನ್ನು ಅದೇ ಕ್ರಮದಲ್ಲಿಟ್ಟು, ಕೈಯ ಅಭ್ಯಾಸಕ್ಕೆ 'ಎಡದಿಂದ ಬಲಕ್ಕೆ' ಅಂತ ಸೇರಿಸಿಬಿಟ್ಟಿದ್ದಾನೆ. ಕನ್ನಡ ಬಲ್ಲವರು ಕನ್ನಡ ಓದಿದರು, ಉರ್ದು ಬಲ್ಲವರು ಉರ್ದು ಓದಿದರು. ಒಂದೇ ಪುಟ, ಇಷ್ಟು ವರ್ಷ, ಎರಡನ್ನೂ ಕೂಡಿಸಿ ಓದಿದವರೇ ಇಲ್ಲ!

"ನೀವು ಯಾರಿಗೂ ಹೇಳಲಿಲ್ಲವೇ ಆಪಾ?"

"ಹೇಳೂದೇನ ಅದರಾಗ? ಸಬ್ಕೊ ಮಾಲೂಮ್, ಎಲ್ಲಾರಿಗೂ ಗೊತ್ತದ ಅಂದ್ಕೊಂಡಿದ್ದೆ. ಆ ಮನಷ್ಯಾ ಟೀವ್ಯಾಗ ಫೌಜದಾರ ಆಗಿದ್ದೆ ಅಂದಾಗ ಚಾಷ್ಟಿ ಮಾಡಾಕತ್ತಾನ ಅಂತ ನಕ್ಕಿದ್ದೆ."

ನನ್ನ ಸಂತೋಷ ಕೇಳಬೇಡಿ. ಕಣ್ಣು ಕೆಂಪಗೆ ಮಾಡಿ ಇಡೀ ನಾಡನ್ನು ಹೆದರಿಸಿದ ಖಳನಾಯಕ ಸೆರಗು ಕಚ್ಚಿಕೊಂಡು ನಾಚುತ್ತಾ ನಿಂತಿದ್ದಾನೆ! ಇಂಥದ್ದು ಯಾರ ಹತ್ತಿರ ಇದೆ? ಆಪಾ ದೊಡ್ಡ ಮನಸ್ಸಿನಿಂದ, "ಒಯ್ರಿ, ನಮ್ಮ ಅಬ್ಬಾ ಇದ್ದಿದ್ರ ಖುಷಿ ಪಡ್ತಿದ್ರು. ಆದ್ರ ಬಲದಿಂದ ಓದೂದು ಕಲೀಬೇಕು" ಅಂತ ಷರತ್ತು ಹಾಕಿ ಕೊಟ್ಟೇ ಬಿಟ್ಟರು. ಅಲ್ಲೇ ಕೂರಿಸಿ ನನ್ನ ಹೆಸರು ಉರ್ದುವಿನಲ್ಲಿ ಬರೆಸಿದರು. ನಾಲ್ಕು ಸಲ ತಪ್ಪಿ ಬೈಸಿಕೊಂಡೆ.

ಹೊರಗೆ ಬಂದು ಯಜಮಾನರಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು, "ಅಲ್ಲ ಕಣೇ, ಹಾಗಾದ್ರೆ ಆ ಇನ್ನೊಬ್ರು ಹೇಳ್ತಿದ್ದದ್ದು ನಿಜ. ಪಾಪ, ಅವರಿಗೆ ಹೇಳಿದ್ಯಾ?" ಅಂದರು.

ಹೇಳಿರಲಿಲ್ಲ. ಹೇಳಿದರೆ ಪುಸ್ತಕ ಕೇಳುತ್ತಾರೆ ಅನ್ನುವ ಭಯ ಆಗಲೇ ಹುಟ್ಟಿತ್ತು. ಕೇಳಿದರೆ ಇಲ್ಲ ಅನ್ನುವ ಮುಖ ನನಗೆಲ್ಲಿಂದ ಬರಬೇಕು? ಆದರೂ ಜೇವರ್ಗಿಯ ಬಸ್ಸು ಹತ್ತಿದೆ.

ಜೇವರ್ಗಿ

ಶಿವಶರಣಪ್ಪ ಸಾವಕಾರರ ಅಂಗಡಿ ಎಲ್ಲಿ ಅಂತ ಬಜಾರಿನಲ್ಲಿ ಯಾರನ್ನು ಕೇಳಿದರೂ ತಲೆ ಅಲ್ಲಾಡಿಸಿದರು. ಕೊನೆಗೆ ಚಹಾದಂಗಡಿಯವನು, "ತೊಗರಿ ಸಾವಕಾರ್ರೇನ್ರಿ? ಓ, ಕಮಲಾಬಾಯಿ! ಮೊದಲೇ ಹೇಳಬಾರದೇನ್ರಿ" ಅಂದ. ನಮ್ಮೂರಿನಲ್ಲಿ ದಾರಿ ಕೇಳಿದರೆ ಕೈ ತೋರಿಸುತ್ತಾರೆ. ಇವನು ಕುದಿಯುವ ಚಹಾವನ್ನು ಗಿರಾಕಿಯೊಬ್ಬನ ಕೈಗೊಪ್ಪಿಸಿ ನನ್ನ ಜೊತೆಗೇ ಹೊರಟ. ಅಂಗಡಿ ಇನ್ನೂ ದೂರವಿರುವಾಗಲೇ ಬೀದಿಗೆ ಕೇಳುವಂತೆ ಕೂಗಿದ.

"ಏ ಕಮಲಾಬಾಯೀ! ಮೈಸೂರಿಂದ ನಿನ್ನ ಗೆಳತಿ ಬಂದಾಳ ನೋಡು!"

ತೊಗರಿ ಚೀಲಗಳ ಹಿಂದಿನಿಂದ ಆರಡಿ ಎತ್ತರದ, ಬಿಳಿ ಧೋತರ ಉಟ್ಟ ಮುದುಕರು ಎದ್ದು ಬಂದರು. ಸಿದ್ರಾಮಪ್ಪನವರು ಗಾಳಿಯಲ್ಲಿ ತಿರುವಿದ ಮೀಸೆಗೆ ಒಂದಿಷ್ಟೂ ಕಡಿಮೆಯಿಲ್ಲ. ಕಣ್ಣಲ್ಲಿ ಬೆಂಕಿ.

"ನೀವೂ ಆ ಫೋಟೋ ನೋಡಿ ನಗಾಕ ಬಂದೀರೇನ್ರಿ? ನಡೀರಿ, ಮೊದಲ ನಡೀರಿ ಇಲ್ಲಿಂದ" ಅಂದರು. ಮರುಕ್ಷಣವೇ ತಮಗೇ ನಾಚಿಕೆಯಾಗಿ, "ಅಲ್ಲ... ಚಾ ಕುಡದು ನಡೀರಿ. ಬಿಸಲಾಗ ಬಂದೀರಿ" ಅಂದರು.

ಅಂಗಡಿಯ ಹಿಂದೆಯೇ ಮನೆ. ಪಡಸಾಲೆಯಲ್ಲಿ ಕುಳಿತು ಸಂಚಿಕೆ ಬಿಚ್ಚಿದೆ, ಬಲಗಡೆಯಿಂದಲೇ. ಎರಡು ಸಾಲು ತೋರಿಸಿದೆ. ಅವರಿಗೆ ಉರ್ದು ಬಾರದು. ಆಪಾಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಆಪಾ ಬಾಯಿಪಾಠವಾಗಿದ್ದ ಹೆಸರುಗಳನ್ನು ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಹೇಳಿದರು. ದಾಯೆಂ ಸೇ ಬಾಯೆಂ, ಭೀಮಶ್ಯಾನಿಂದ ಹಿಡಿದು ಶಿವಶರಣಪ್ಪನವರೆಗೆ.

"ಇನ್ನೊಮ್ಮೆ ಹೇಳ್ರಿ ಆಪಾ" ಅಂದರು ಸಾವಕಾರರು. ಆಪಾ ಹೇಳಿದರು. "ಇನ್ನೊಂದ್ಸಲ." ಮತ್ತೆ ಹೇಳಿದರು.

ಮುದುಕರ ಕಣ್ಣು ತುಂಬಿ ಬಂತು. "ನಾಲ್ವತ್ತು ವರ್ಷ ಮ್ಯಾಲಾತ್ರಿ ಬಾಯಾರ. ಖಾಕಿ ಅಂಗಿ ನಮ್ಮ ಕಾಕಾನ ಕಡಿಂದ ಇಸಗೊಂಡ ಬಂದಿದ್ದೆ. ಎಲ್ಲಾ ಮಾತು ಬಾಯಿಪಾಠ ಇತ್ತು. ಒಂದ ಮಾತ ಆಡಲಿಲ್ಲ, ಪೆಂಡಾಲ ಹಾರಿ ಹೋತು. ಆಮ್ಯಾಲ ನನ್ನ ಪಾರ್ಟೂ ಆ ಭೀಮಶ್ಯಾ ಹೊಡಕೊಂಡ ಹೋದ. ಚುನಾವಣ್ಯಾಗ ಸೀರಿ ತೋರಿಸಿದ್ರು. ಮಗಳ ಲಗ್ನದಾಗ ಬೀಗರು ಸೈತ ನಕ್ರು." ಅಷ್ಟಂದವರು ಪುಸ್ತಕವನ್ನು ಎದೆಗವಚಿಕೊಂಡು ಎದ್ದು ನಿಂತರು. "ಬಜಾರದಾಗ ಮೈಕ್ ಹಚ್ಚಿಸ್ತೇನಿ! ಒಬ್ಬೊಬ್ಬಂಗ ಕರದು ತೋರಸ್ತೇನಿ!"

ಹೋಯಿತು ನನ್ನ ಪುಸ್ತಕ ಅಂದುಕೊಂಡೆ. ಚಹಾದಂಗಡಿಯಲ್ಲಿ ಒಂದು ಸುತ್ತು ಕೈ ಬದಲಾದರೆ ರಟ್ಟೂ ಉಳಿಯುವುದಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ, "ಅದಕ್ಯಾಕ ಮೈಕು? ಅದೇನ ಗೊತ್ತಿಲ್ಲದ್ದೇನು?" ಅನ್ನುವ ದನಿ ಕೇಳಿತು. ಅವರ ಹೆಂಡತಿ ನೀಲಮ್ಮ, ಕೈಗೆ ಅಂಟಿದ ಜೋಳದ ಹಿಟ್ಟು ಉಜ್ಜಿಕೊಳ್ಳುತ್ತಾ ನಿಂತಿದ್ದರು.

"ಏನ್ ಗೊತ್ತದ ನಿನಗ?" ಅಂದರು ಸಾವಕಾರರು.

"ನೀವು ಫೌಜದಾರ ಇದ್ದದ್ದು."

ನೀಲಮ್ಮ ನನ್ನ ಕಡೆ ತಿರುಗಿದರು. "ಇವರು ನನ್ನ ನೋಡಾಕ ಬರೂಕಿಂತ ಮೊದಲ ನಮ್ಮಪ್ಪ ಈ ಪುಸ್ತಕ ತಂದಿದ್ದ್ರಿ ಬಾಯಾರ. ಈ ಸೀರಿ ಉಟ್ಟಾಂವ ವರಾ ಅಂದ. ನಮ್ಮ ಅಕ್ಕ ತಂಗೇರು ಬಿದ್ದ ಬಿದ್ದ ನಕ್ರು. ಮರದಿನ ಇವರು ಬಂದ್ರು, ನಮ್ಮ ಅಂಗಳದಾಗ ನಿಂತ್ರು. ಎಡಗಾಲ ಮ್ಯಾಲ ಎಲ್ಲಾ ಭಾರ, ಬಲ ಭುಜ ಇಷ್ಟು ಮ್ಯಾಲ. ಅಯ್ಯ, ಇಂವ ಆ ಕಡೀ ತುದಿ ನಿಂತಾಂವಲ್ಲ, ಮೀಸಿ ಸೊಟ್ಟ ಹಚಗೊಂಡಾಂವ, ಅಂತ ಆವಾಗ್ಲೇ ಗುರ್ತ ಹಿಡದೆ."

ನಾನು ಫೋಟೋ ನೋಡಿದೆ, ಸಾವಕಾರರನ್ನು ನೋಡಿದೆ. ಎದ್ದು ನಿಂತಿದ್ದ ಮುದುಕರು ಎಡಗಾಲ ಮೇಲೆ ಭಾರ ಹಾಕಿ, ಬಲ ಭುಜ ಎತ್ತಿ, ಥೇಟು ಹಾಗೆಯೇ ನಿಂತಿದ್ದರು.

"ಮತ್ತ ಇಷ್ಟ ವರ್ಷ ಬಾಯಿ ಯಾಕ ಬಿಡಲಿಲ್ಲ ನೀನು?" ಸಾವಕಾರರು ಸಿಟ್ಟಿನಿಂದಲೇ ಕೇಳಿದರು.

"ನೀವು ಕೇಳಿದ್ರೇನು? ಬಜಾರದಾಗ ಕಂಡಕಂಡಾಂವಗ ನಂಬೋ ನಂಬೋ ಅಂತ ಬಡಕೊಂಡ್ರಿ. ಮನ್ಯಾಗ ಒಂದಿನ, ನೀಲಾ ನಿನಗೇನ ಅನಸ್ತದ ಅಂತ ಕೇಳಿದ್ರೇನು? ಈ ಮಾತು ಬಂದ್ರ ಎದ್ದು ಹೊರಗ ಹೋಗ್ತಿದ್ರಿ."

"ನೀನೂ ನಗ್ತೀ ಅಂತ ಅಂಜಿದ್ನೆ ಬೇ" ಅಂದರು ಅವರು, ಬಹಳ ಸಣ್ಣ ದನಿಯಲ್ಲಿ.

"ನಾ ಲಗ್ನ ಆಗಿದ್ದು ಫೌಜದಾರನ್ನ. ಕಮಲಾಬಾಯಿನ್ನಲ್ಲ. ಬರ್ರಿ ಈಗ ಫೌಜದಾರ್ರ, ರೊಟ್ಟಿ ಆರಾಕತ್ತಾವ. ಬಾಯಾರ, ನೀವೂ ಬರ್ರಿ."

ಸಾವಕಾರರು ಅಲ್ಲೇ ಕುಸಿದು ಕುಳಿತರು. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು, ಮೂಗು ಒರೆಸಿಕೊಂಡರು, ಮತ್ತೆ ಮುಖ ಒರೆಸಿಕೊಂಡರು. ಆಮೇಲೆ ಪುಸ್ತಕವನ್ನು ಒಮ್ಮೆ ತಟ್ಟಿ ಧೂಳು ಕೊಡವಿ ನನ್ನ ಕೈಗಿಟ್ಟರು. "ತೊಗೊಂಡ್ ಹೋಗ್ರಿ ಬಾಯಾರ. ನನಗ ಬ್ಯಾಡ" ಅಂದರು.

ಮೂವರೂ ಉಣ್ಣಲು ಕುಳಿತೆವು. ಬಿಸಿ ಜೋಳದ ರೊಟ್ಟಿ, ಎಣಗಾಯಿ. ಸಾವಕಾರರು ಮಾತಿಲ್ಲದೆ ಉಣ್ಣುತ್ತಾ ನಡುನಡುವೆ ಹೆಂಡತಿಯನ್ನು ಕದ್ದು ನೋಡುತ್ತಿದ್ದರು, ನಿನ್ನೆಯಷ್ಟೇ ಲಗ್ನವಾದವರ ಹಾಗೆ. ಅವರು ಎರಡನೆಯ ರೊಟ್ಟಿ ಮುರಿಯುವಾಗ ಹೊರಗಿನಿಂದ ಚಹಾದಂಗಡಿಯವನು ಕೂಗಿದ.

"ಏ ಕಮಲಾಬಾಯೀ! ತೊಗರಿ ಗಾಡಿ ಬಂದಾವ, ಹೊರಗ ಬಾ!"

ನಾನು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಕುಳಿತೆ. ಈಗ ಜಗಳ ಹತ್ತಿತು ಅಂದುಕೊಂಡೆ. ಸಾವಕಾರರು ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿ, ನೀಲಮ್ಮನ ಕಡೆ ನೋಡಿ, ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದರು:

"ಕಮಲಾಬಾಯಿ ಊಟಾ ಮಾಡಾಕತ್ತಾಳ! ತಡ್ಯಾಕ ಹೇಳೋ!"